ಇಟಲಿ ಗಾಡಿ ತಳ್ಳುವ ಶಾಸ್ತ್ರ

ತುಮಕೂರು
6 ಜನವರಿ 2025

ಪ್ರೀತಿಯ ಓಬಳಿ,

ಈ ಕೈಬರಹ ಯಾರದಪ್ಪಾ ಎಂದು ನೀನು ಕವರನ್ನು ತಿರುಗಿಸಿ ಮುರುಗಿಸಿ ನೋಡಿರುತ್ತೀಯ. ನಾನು ಶ್ರೀರಂಜನಿ. ಗುಬ್ಬಿ ವಕೀಲ ಯೋಗನರಸಿಂಹ ಅವರ ಮಗಳು, ಸ್ಲೇಟು ಒರೆಸಲು ನಿನ್ನ ಲಂಗದ ತುದಿ ಎಳೆಯುತ್ತಿದ್ದ ರಂಜು. ಹೋದ ವಾರ ಇಲ್ಲೊಂದು ನಾಮಕರಣದ ಊಟದಲ್ಲಿ ಪಕ್ಕದ ಎಲೆಗೆ ಕೂತ ಹುಡುಗಿ ಹೋಳಿಗೆಯ ನಡುವೆ ಬೆರಳಿನಿಂದ ತೂತು ಮಾಡಿದಳು. ಹಾಗೆ ತಿನ್ನುವವಳು ಲೋಕದಲ್ಲಿ ನೀನೊಬ್ಬಳೇ ಎಂದುಕೊಂಡಿದ್ದೆ. ವಿಚಾರಿಸಿದರೆ ನಿನ್ನ ಮಗಳು ಸುಶ್ಮಿತಾ. ನಿನ್ನ ನಂಬರು ಕೇಳಿದೆ. "ಅಮ್ಮಂಗೆ ಫೋನಲ್ಲಿ ಏನೂ ಕೇಳ್ಸಲ್ಲ ಆಂಟಿ. ಕಾಗದ ಬರೀರಿ, ಎರಡೆರಡು ಸಲ ಓದ್ತಾರೆ" ಎಂದು ಕುಣಿಗಲ್ಲಿನ ವಿಳಾಸ ಕೊಟ್ಟಳು.

ಐವತ್ತು ವರ್ಷವಾಯಿತು ಕಣೇ. ನಿನ್ನ ಮದುವೆಯಾದ ಮೇಲೆ ನಾವು ಮುಖಾಮುಖಿ ನೋಡಿಕೊಂಡೇ ಇಲ್ಲ. ನನ್ನ ಮದುವೆಗೂ ನೀನು ಬರಲಿಲ್ಲ. ಕೂಸು ಮಡಿಲಲ್ಲಿರಬೇಕು, ಹೇಗೆ ಬರುತ್ತಾಳೆ ಎಂದು ಅಮ್ಮ ಸಮಾಧಾನ ಹೇಳಿದ್ದಳು.

ಬರೆಯಲು ಕಾರಣ ನಮ್ಮ ಇಟಲಿ ಗಾಡಿ. ಅದು ಇನ್ನೂ ಇದೆ. ಗುಬ್ಬಿಯ ನಮ್ಮ ಕೊಬ್ಬರಿ ಗೋಡೌನಿನಲ್ಲಿ, ಅಟ್ಟದ ಕೆಳಗೆ, ಟಾರ್ಪಾಲು ಹೊದ್ದು ಕೂತಿದೆ. ಗೋಡೌನಿನ ಹೆಂಚು ಉದುರುತ್ತಿದೆ ಎಂದು ನನ್ನ ತಮ್ಮ ಕಿಟ್ಟು ಅದರ ಫೋಟೋ ತೆಗೆದು ಯಾರಿಗೋ ಕಳಿಸಿದ. ಪುಣೆ ಕಡೆಯ ಹಳೇ ಕಾರುಗಳ ಮ್ಯೂಸಿಯಂನವರು ಓಡೋಡಿ ಬಂದರು. ಅವರು ಹೇಳಿದ್ದು ಕೇಳಿ ನಾನು ಅಲ್ಲೇ ಗೋಣಿಚೀಲದ ಮೇಲೆ ಕೂತುಬಿಟ್ಟೆ. ಯುದ್ಧ ಮುಗಿದ ಮೇಲೆ ಇಟಲಿಯ ವಲ್ತೋರಿ ಎಂಬ ಕಂಪನಿ ಮತ್ತೆ ತಲೆಯೆತ್ತಲು ರಾಜಮಹಾರಾಜರಿಗೆಂದೇ ಒಂದು ಭಾರೀ ಕಾರು ಮಾಡಲು ಹೊರಟಿತಂತೆ. ಮೊದಲು ಮಾದರಿಗೆಂದು ನಾಲ್ಕು ಗಾಡಿ ಕಟ್ಟಿದರಂತೆ. ಅಷ್ಟರಲ್ಲಿ ಕಂಪನಿಯೇ ಮುಳುಗಿತಂತೆ. ಆ ನಾಲ್ಕರಲ್ಲಿ ಉಳಿದಿರುವುದು ನಮ್ಮದೊಂದೇ ಇರಬೇಕು ಎನ್ನುತ್ತಾರೆ. ಬೊಂಬಾಯಿಯ ಕೊಬ್ಬರಿ ಸೇಟು ಕೇಸು ಗೆದ್ದ ಖುಷಿಗೆ ಅದನ್ನು ಅಪ್ಪನಿಗೆ ಉಡುಗೊರೆ ಕೊಟ್ಟಾಗ ಅಮ್ಮ, "ರಿಪೇರಿ ಮಾಡೋರು ಸಿಗ್ದೆ ನಮ್ಮ ತಲೆಗೆ ಕಟ್ಟಿದಾನೆ ಅಷ್ಟೇ" ಎಂದಿದ್ದಳಂತೆ.

ಮಾರ್ಚ್ ಇಪ್ಪತ್ತಕ್ಕೆ ಲಾರಿ ಬರುತ್ತದೆ. ಗಾಡಿಯ ಕಥೆ ಬಲ್ಲವರು ಯಾರಾದರೂ ಅಂದು ಬಂದು ಹೇಳಬೇಕೆಂದು ಅವರು ಕೇಳಿದ್ದಾರೆ. ಅದನ್ನು ಓಡಿಸಿದ ಚಿಕ್ಕಮಾರಯ್ಯನವರ ಮಗಳನ್ನು ಬಿಟ್ಟು ಇನ್ನು ಯಾರನ್ನು ಕರೆಯಲಿ? ಆಯುಧಪೂಜೆಗೆ ಊರಿನವರೆಲ್ಲ ಮುಂದಿನ ಬಾನೆಟ್ಟಿಗೆ ಕುಂಕುಮ ಇಡಲು ಹೋಗುತ್ತಿದ್ದದ್ದು ನೆನಪಿದೆಯಾ? "ಇಂಜಿನ್ನು ಹಿಂದ್ಗಡೆ ಅದೆ ಕಣ್ರಪ್ಪ, ಮುಂದೆ ಇರೋದು ಪೆಟ್ಟಿಗೆ ಇಡೋ ಜಾಗ" ಎಂದು ನಿಮ್ಮಪ್ಪ ಎಷ್ಟು ಹೇಳಿದರೂ ಯಾರೂ ನಂಬುತ್ತಿರಲಿಲ್ಲ. ಕೊನೆಗೆ ಎರಡೂ ಕಡೆ ಇಡಿಸುತ್ತಿದ್ದರು.

ಬಾ ಓಬಳಿ. ಅದು ಊರು ಬಿಡುವ ಮುಂಚೆ ನಾವಿಬ್ಬರೂ ಒಟ್ಟಿಗೆ ಒಂದು ಸಲ ನೋಡಬೇಕು ಎಂದು ನನಗೆ ಬಹಳ ಆಸೆ.

ನಿನ್ನ
ರಂಜು


ಕುಣಿಗಲ್
19 ಜನವರಿ 2025

ಶ್ರೀರಂಜನಿಯವರಿಗೆ,

ನಿಮ್ಮ ಕಾಗದ ತಲುಪಿತು. ನಿಮ್ಮ ತಾಯಿ ಪದ್ಮಮ್ಮನವರು ಗಟ್ಟಿಯಾಗಿದ್ದಾರೆಂದು ಸುಶ್ಮಿತಾ ಹೇಳಿದಳು, ಸಂತೋಷ. ನಾನು ಶಾಲೆಯಿಂದ ನಿವೃತ್ತಳಾಗಿ ಹತ್ತು ವರ್ಷದ ಮೇಲಾಯಿತು. ನಮ್ಮ ಯಜಮಾನರು ಚಿಕ್ಕರಂಗಯ್ಯ ಕುದುರೆ ಫಾರಂನಲ್ಲಿದ್ದರು. ಈಗ ಮನೆಯಲ್ಲಿದ್ದಾರೆ, ನನ್ನನ್ನೇ ಕುದುರೆ ಎಂದುಕೊಂಡು ಕೋಳಿ ಕೂಗುವ ಮುಂಚೆ ಎಬ್ಬಿಸುತ್ತಾರೆ.

ಗಾಡಿ ಓಡಿಸುತ್ತಿದ್ದವರು ನಮ್ಮ ತಂದೆ, ನಾನಲ್ಲ. ಮ್ಯೂಸಿಯಂನವರಿಗೆ ಹೇಳುವಂಥದ್ದು ನನ್ನಲ್ಲಿ ಏನೂ ಇಲ್ಲ. ದಯವಿಟ್ಟು ಬೇರೆಯವರನ್ನು ಕೇಳಿ.

ಹೋಳಿಗೆಗೆ ತೂತು ಮಾಡುವುದು ತುಪ್ಪ ನಿಲ್ಲಲಿ ಎಂದು. ಅದನ್ನು ನನಗೆ ಕಲಿಸಿದವರು ನಿಮ್ಮ ತಾಯಿಯವರೇ.

ಇತಿ,
ಓಬಳಮ್ಮ


ತುಮಕೂರು
28 ಜನವರಿ 2025

ಪ್ರೀತಿಯ ಓಬಳಿ,

ಈ 'ಯವರಿಗೆ' ಎಲ್ಲಿಂದ ಬಂತು ಮಾರಾಯ್ತಿ? ಅಷ್ಟು ವರ್ಷ ಹೆಡ್‌ಮಾಸ್ತರರಿಗೆ ರಜೆ ಅರ್ಜಿ ಬರೆದೂ ಬರೆದೂ ನಿನಗೆ ಹಾಗೇ ರೂಢಿಯಾಗಿದೆ.

ನೀನು ಯಾಕೆ ಒಲ್ಲೆ ಅನ್ನುತ್ತೀಯ ನನಗೆ ಗೊತ್ತು. ಮಂಡಿ ನೋವು. ನಮ್ಮ ವಯಸ್ಸಿನವರಿಗೆಲ್ಲ ಅದೇ ಗೋಳು, ಬಸ್ಸು ಹತ್ತುವಾಗ ನನಗೂ ಜೀವ ಬಾಯಿಗೆ ಬರುತ್ತದೆ. ಅದಕ್ಕೆ ನಾನೇ ಕಾರು ಕಳಿಸುತ್ತೇನೆ. ನಿನ್ನ ಮನೆ ಬಾಗಿಲಿಗೇ ಬರುತ್ತದೆ, ರಾಣಿಯ ಹಾಗೆ ಕೂತು ಬಾ.

ಹೇಳುವುದಕ್ಕೆ ಏನೂ ಇಲ್ಲ ಎಂದರೆ ಹೇಗೆ? ತಳ್ಳುವ ಶಾಸ್ತ್ರ ಒಂದನ್ನು ಹೇಳಿದರೆ ಸಾಲದೇ? ಅದನ್ನು ಕೇಳಿಯೇ ಮ್ಯೂಸಿಯಂನವರು ಬಾಯಿ ಬಿಟ್ಟರು. ಗುಬ್ಬಿಯಲ್ಲಿ ಯಾರ ಮನೆಯ ಹೆಣ್ಣು ಮದುವೆಯಾದರೂ ಇಟಲಿ ಗಾಡಿಯಲ್ಲೇ ಛತ್ರಕ್ಕೆ ಹೋಗಬೇಕು. ಮುಂದೆ ವಾಲಗ, ಸ್ಟೇರಿಂಗ್ ಹಿಡಿದು ಖಾಕಿ ಕೋಟಿನಲ್ಲಿ ನಿಮ್ಮಪ್ಪ, ಹಿಂದಿನ ಸೀಟಿನಲ್ಲಿ ಹೆಣ್ಣು. ಇಂಜಿನ್ ಶಬ್ದ ಮಾಡುವ ಹಾಗಿಲ್ಲ. ಹೆಣ್ಣಿನ ಅಣ್ಣತಮ್ಮಂದಿರು ಗಾಡಿಯನ್ನು ಹಿಂದಿನಿಂದ ತಳ್ಳಿಕೊಂಡು ಹೋಗಬೇಕು. ತವರು ಎಂದೆಂದೂ ನಿನ್ನ ಬೆನ್ನ ಹಿಂದಿದೆ ಎಂದು ಅದರ ಅರ್ಥ, ಅಪ್ಪ ಎಲ್ಲರಿಗೂ ಬಿಡಿಸಿ ಹೇಳುತ್ತಿದ್ದರು. ಪೆಟ್ರೋಲು ಕುಡಿಯುವ ರಾಕ್ಷಸ ಎಂದು ತಾವು ಕೋರ್ಟಿಗೆ ನಡೆದುಕೊಂಡು ಹೋದರು, ಗಾಡಿಯನ್ನು ಮಾತ್ರ ಊರಿನ ಹೆಣ್ಣುಮಕ್ಕಳಿಗೆ ಮೀಸಲಿಟ್ಟರು. ಜಾತಿ ನೋಡಲಿಲ್ಲ, ಅಂತಸ್ತು ನೋಡಲಿಲ್ಲ. ನನ್ನ ಮದುವೆಯಲ್ಲಿ ಹತ್ತು ವರ್ಷ ದಾಟಿದ್ದ ಕಿಟ್ಟು ಒಬ್ಬನೇ ತಳ್ಳಲಾರದೆ ಅತ್ತ. ಈಗಲೂ ಅದನ್ನು ಹೇಳಿದರೆ ಸಿಟ್ಟಾಗುತ್ತಾನೆ.

ಹಿಂದಿನ ಮುಚ್ಚಳದ ಮೇಲೆ ಬಣ್ಣ ಹೋಗಿ ಜೋಡಿ ಜೋಡಿ ಅಂಗೈಯ ಗುರುತುಗಳಿವೆ. ಮೊನ್ನೆ ಅವುಗಳ ಮೇಲೆ ನನ್ನ ಕೈಯಿಟ್ಟು ನೋಡಿದೆ. ಆ ಕಾಲವೇ ಕಾಲ ಓಬಳಿ, ನನಗೆ ಅಲ್ಲಿಂದ ಎದ್ದು ಬರಲು ಮನಸ್ಸಾಗಲಿಲ್ಲ.

ಕಾರು ಎಷ್ಟು ಹೊತ್ತಿಗೆ ಕಳಿಸಲಿ, ತಿಳಿಸು.

ನಿನ್ನ
ರಂಜು


ಕುಣಿಗಲ್
10 ಫೆಬ್ರವರಿ 2025

ಶ್ರೀರಂಜನಿಯವರಿಗೆ,

ಮೊದಲ ಕಾಗದಕ್ಕೆ ಮರ್ಯಾದೆಯಾಗಿ ಉತ್ತರ ಬರೆದೆ. ಎರಡನೆಯದನ್ನು ಇಷ್ಟು ದಿನ ಟಿ.ವಿ. ಮೇಲೆ ಇಟ್ಟಿದ್ದೆ. "ಏನದು, ನೋಡ್ದಾಗೆಲ್ಲ ಮಕ ಗಂಟಾಕ್ಕತೀಯ" ಎಂದು ಯಜಮಾನರು ಕೇಳಿದರು. ಅವರಿಗೆ ಹೇಳಲಿಲ್ಲ. ನಿಮಗೇ ಹೇಳುತ್ತೇನೆ.

ನನ್ನ ಮಂಡಿ ಚೆನ್ನಾಗಿದೆ. ಕಾರು ಬೇಡ. ಕಳಿಸಬೇಕಾಗಿದ್ದ ಹೊತ್ತಿನಲ್ಲಿ ಕಳಿಸಲಿಲ್ಲ, ಈಗ ಯಾಕೆ.

ಜಾತಿ ನೋಡಲಿಲ್ಲ, ಅಂತಸ್ತು ನೋಡಲಿಲ್ಲ ಎಂದು ಬರೆದಿದ್ದೀರಿ. ನನ್ನ ಮದುವೆಗೆ ಏನು ನೋಡಿದರು?

ಎಪ್ಪತ್ತೈದನೇ ಇಸವಿ, ಮೇ ತಿಂಗಳು. ಚೇಳೂರಿನ ನಮ್ಮ ಹಿರೀಕರ ಮನೆಯಿಂದ ಕುಣಿಗಲ್ಲಿಗೆ ದಿಬ್ಬಣ ಹೊರಡಬೇಕು. ಹೆಣ್ಣು ಇಟಲಿ ಗಾಡಿಯಲ್ಲಿ ಬರುತ್ತಾಳೆ ಎಂದು ಗಂಡಿನ ಕಡೆಯವರು ಬೀದಿಗೆಲ್ಲ ಹೇಳಿಕೊಂಡಿದ್ದರು. ಡ್ರೈವರನ ಮಗಳು ತಾನೇ, ನಾನೂ ಹಾಗೇ ತಿಳಿದಿದ್ದೆ. ಚಿಕ್ಕಂದಿನಲ್ಲಿ ನಿಮ್ಮನ್ನೂ ನನ್ನನ್ನೂ ಕೂರಿಸಿಕೊಂಡು ಅದೇ ಗಾಡಿ ಚೇಳೂರಿಗೆ ಎಷ್ಟು ಸಲ ಬಂದಿಲ್ಲ? ಹಿಂದಿನ ವಾರವಷ್ಟೇ ಅಡಿಕೆ ಮಂಡಿಯವರ ಮಗಳು ಅದರಲ್ಲಿ ಮೆರೆದಿದ್ದಳು. ಬಳೆ ತೊಡಿಸುವ ದಿನ ಅಪ್ಪ ನೆಲ ನೋಡಿಕೊಂಡು "ಗಾಡಿ ಬರಕ್ಕಾಗಲ್ಲ ಮಗ" ಅಂದರು. ಯಾಕೆ ಎಂದೆ. "ಆಗಲ್ಲ ಬುಡು" ಅಂದರು. ಅಷ್ಟೇ. ತೆಂಗಿನಕಾಯಿ ಲಾರಿಯಲ್ಲಿ ಚಾಪೆ ಹಾಸಿಕೊಂಡು ಹೋದೆ. ಸೀರೆಗೆಲ್ಲ ನಾರು. ನಮ್ಮತ್ತೆ ಬಾಗಿಲಲ್ಲೇ ನಿಲ್ಲಿಸಿ ಒಂದೊಂದೇ ನಾರು ಕೀಳುತ್ತಾ "ಎಲ್ಲವ್ವ ನಿಮ್ಮ ಇಟಲಿ ಗಾಡಿ" ಅಂದರು. ಹೆಂಗಸರೆಲ್ಲ ನಕ್ಕರು.

ನಿಮ್ಮ ತಂದೆಯವರು ಕೊಡುವುದಿಲ್ಲ ಎಂದರೋ, ನಮ್ಮಪ್ಪ ಕೇಳಲು ಹೆದರಿದರೋ ಇಂದಿಗೂ ನನಗೆ ಗೊತ್ತಿಲ್ಲ. ಊರವರ ಮಕ್ಕಳಿಗೆಲ್ಲ ಕೋಟು ಹಾಕಿಕೊಂಡು ಗಾಡಿ ಹಿಡಿದವರಿಗೆ ಹೆತ್ತ ಮಗಳು ಬೇಡವಾದಳು. ಆಮೇಲೆ ಅಪ್ಪ ಪ್ರತಿ ಯುಗಾದಿಗೆ ಕೊಬ್ಬರಿ ತೆಗೆದುಕೊಂಡು ಬರುತ್ತಿದ್ದರು. ಜಗಲಿಯ ಮೇಲೆ ಕೂರುತ್ತಿದ್ದರು. "ಊಟಕ್ಕೇಳಪ್ಪ" ಎಂದು ಒಂದು ಸಲ ಕರೆಯುತ್ತಿದ್ದೆ. ನಮ್ಮ ಕಡೆ ಬಂದವರು ಒಂದೇ ಕರೆಗೆ ಏಳುವುದಿಲ್ಲ, ನಿಮಗೂ ಗೊತ್ತು. ಎರಡನೇ ಸಲ ನಾನು ಕರೆಯುತ್ತಿರಲಿಲ್ಲ. ಬಸ್ಸಿಗೆ ಹೊತ್ತಾಯಿತು ಎಂದು ಎದ್ದು ಹೋಗುತ್ತಿದ್ದರು. ಒಂದು ಯುಗಾದಿಗೆ ಬರಲಿಲ್ಲ, ಅಷ್ಟರಲ್ಲಿ ತೀರಿಕೊಂಡಿದ್ದರು.

ನಿಮ್ಮ ಗಾಡಿ ಪುಣೆಗಾದರೂ ಹೋಗಲಿ, ಕಾಶಿಗಾದರೂ ಹೋಗಲಿ. ನನ್ನನ್ನು ಕರೆಯಬೇಡಿ.

ಓಬಳಮ್ಮ


ತುಮಕೂರು
10 ಫೆಬ್ರವರಿ 2025

ಪ್ರೀತಿಯ ಓಬಳಿ,

ನಿನ್ನ ಉತ್ತರ ಇನ್ನೂ ಬಂದಿಲ್ಲ. ಕಾಯುವುದಕ್ಕೆ ಆಗದೆ ಬರೆಯುತ್ತಿದ್ದೇನೆ. ನಿನ್ನೆ ಗುಬ್ಬಿಯಲ್ಲಿ ಆದದ್ದನ್ನು ಕೇಳಿದರೆ ನೀನು ಹೊಟ್ಟೆ ಹಿಡಿದುಕೊಂಡು ನಗುತ್ತೀಯ.

ಲಾರಿಗೆ ಏರಿಸುವ ಮೊದಲು ಗಾಡಿಯನ್ನು ಒಮ್ಮೆ ಬಿಚ್ಚಿ ನೋಡಲಿ ಎಂದು ಕಿಟ್ಟು ಇಲ್ಲಿಂದ ನಾಗಭೂಷಣ್ ಎಂಬ ಮೆಕ್ಯಾನಿಕ್ಕನ್ನು ಕರೆದುಕೊಂಡು ಹೋದ. ನಾನೂ ಹೋದೆ. ಆತ ಮುಂದಿನ ಬಾನೆಟ್ ಎತ್ತಿದವನೇ, "ಇಂಜಿನ್ನೇ ಇಲ್ಲ ಮೇಡಂ, ಯಾರೋ ಬಿಚ್ಕೊಂಡು ಹೋಗವ್ರೆ" ಎಂದು ತಲೆಯ ಮೇಲೆ ಕೈಹೊತ್ತ. ನಾನು ನಿಮ್ಮಪ್ಪನ ಧಾಟಿಯಲ್ಲೇ ಹೇಳಿದೆ, ಇಂಜಿನ್ನು ಹಿಂದ್ಗಡೆ ಅದೆ ಕಣಪ್ಪ ಅಂತ. ಹಿಂದಿನ ಮುಚ್ಚಳದ ಬೀಗ ತುಕ್ಕು ಹಿಡಿದಿತ್ತು. ಎಣ್ಣೆ ಬಿಟ್ಟು, ತಟ್ಟಿ, ಕೊನೆಗೆ ಮೀಟಿ ತೆಗೆದರು.

ಅಲ್ಲೂ ಇರಲಿಲ್ಲ ಓಬಳಿ. ಇಂಜಿನ್ ಇರಬೇಕಾದ ಜಾಗದಲ್ಲಿ ಮರಳು ತುಂಬಿದ ಗೋಣಿಚೀಲಗಳು. ಹಿಂಭಾಗ ಹಗುರಾಗಿ ಮೇಲೆದ್ದು ಕಾಣಬಾರದು ಎಂದು ಭಾರಕ್ಕೆ ಇಟ್ಟವು.

ಮನೆಗೆ ಬಂದು ಅಮ್ಮನನ್ನು ಕೇಳಿದೆ. ಅವಳು ಹೂವು ಕಟ್ಟುತ್ತಿದ್ದವಳು ತಲೆಯೆತ್ತದೆ "ಈಗ್ಯಾಕೆ ತೆಗೆದ್ರಿ ಅದನ್ನ" ಎಂದಳು. ಕಿಟ್ಟು ಹುಟ್ಟಿದ ವರ್ಷ ಇಂಜಿನ್ನಿನೊಳಗೆ ಏನೋ ಮುರಿಯಿತಂತೆ. ಆ ಭಾಗ ಬೇರೆಲ್ಲೂ ಸಿಗದು, ಇಟಲಿಯಲ್ಲಿ ಕಂಪನಿಯೇ ಇಲ್ಲ. ಅಪ್ಪನೂ ನಿಮ್ಮಪ್ಪನೂ ಅದನ್ನು ಕಳಚಿ ಗೋಣಿ ಸುತ್ತಿ ಕೊಬ್ಬರಿ ಲಾರಿಯಲ್ಲಿ ಬೊಂಬಾಯಿಗೆ ಕಳಿಸಿದರಂತೆ. ಹೋದದ್ದು ವಾಪಸು ಬರಲೇ ಇಲ್ಲ. ಅಷ್ಟರಲ್ಲಿ ಪಕ್ಕದ ಬೀದಿಯ ಮದುವೆಗೆ ಗಾಡಿ ಕೊಡುತ್ತೇನೆಂದು ಅಪ್ಪ ಮಾತು ಕೊಟ್ಟಾಗಿತ್ತು. ಏನು ಮಾಡುವುದು ಎಂದು ಇಬ್ಬರೂ ಕೂತು ಯೋಚಿಸಿ ಕಟ್ಟಿದ್ದು ಈ ತಳ್ಳುವ ಶಾಸ್ತ್ರ. ತವರು, ಬೆನ್ನ ಹಿಂದೆ, ಎಲ್ಲ ಅಪ್ಪನ ವಕೀಲಿ ಬುದ್ಧಿ. ನೋಡಿದವರು ನಮ್ಮ ಹುಡುಗಿಗೂ ಬೇಕು, ನಮ್ಮ ಹುಡುಗಿಗೂ ಬೇಕು ಎಂದರಂತೆ. ಅಮ್ಮನಿಂದ ದೇವರ ಮುಂದೆ ಆಣೆ ಮಾಡಿಸಿಕೊಂಡಿದ್ದರಂತೆ, ಯಾರಿಗೂ ಬಾಯಿ ಬಿಡಬಾರದು ಎಂದು. ನನಗೇ ಗೊತ್ತಿಲ್ಲ ನೋಡು.

ಇಬ್ಬರೂ ಸೇರಿ ಇಡೀ ಊರಿಗೆ ಟೋಪಿ ಹಾಕಿದರು. ಇಂಜಿನ್ ಇಲ್ಲದಿದ್ದರೂ ಮ್ಯೂಸಿಯಂನವರಿಗೆ ಗಾಡಿ ಬೇಕಂತೆ, ಅಂಥ ಮೈ ಇನ್ನೆಲ್ಲೂ ಇಲ್ಲವಂತೆ. ನೀನು ಬಂದರೆ ಅಮ್ಮನ ಬಾಯಲ್ಲೇ ಎಲ್ಲ ಕೇಳಬಹುದು.

ನಿನ್ನ
ರಂಜು


ಕುಣಿಗಲ್
14 ಫೆಬ್ರವರಿ 2025

ರಂಜೂ,

ಹತ್ತನೇ ತಾರೀಕು ನಾನು ಬರೆದ ಕಾಗದವನ್ನು ಇನ್ನೂ ಒಡೆದಿಲ್ಲದಿದ್ದರೆ ಒಡೆಯಬೇಡ, ಒಲೆಗೆ ಹಾಕು. ಒಡೆದಿದ್ದರೆ ಇದನ್ನೂ ಓದು.

ನೀನು ನಗಲೆಂದು ಬರೆದಿದ್ದೀಯ. ನಾನು ಕಾಗದ ಹಿಡಿದುಕೊಂಡು ಹಿತ್ತಲಿಗೆ ಹೋದೆ. ಯಜಮಾನರು ಹಿಂದೆಯೇ ಬಂದು "ಯಾರೋದ್ರು?" ಎಂದರು. ಯಾರೂ ಹೋಗಿಲ್ಲ ಎಂದೆ. ಹಾಗೆಂದರೂ ಅಳು ನಿಲ್ಲಲಿಲ್ಲ.

ಕಿಟ್ಟು ಹುಟ್ಟಿದ ವರ್ಷ ಎಂದು ಬರೆದಿದ್ದೀಯ. ಕಿಟ್ಟು ನನ್ನ ಮದುವೆಗೆ ಬಂದಿದ್ದ, ಮರೆತೆಯಾ? ಎರಡನೇ ಕ್ಲಾಸು ಓದುತ್ತಿದ್ದ. ಲಾರಿಯಲ್ಲಿ ನನ್ನ ಪಕ್ಕದಲ್ಲೇ ಕೂತು ದಾರಿಯುದ್ದಕ್ಕೂ ಕಡಲೆಮಿಠಾಯಿ ತಿಂದ. ಅಂದರೆ ನನ್ನ ಮದುವೆ ಹೊತ್ತಿಗೆ ಆ ಗಾಡಿಯಲ್ಲಿ ಮರಳು ಬಿಟ್ಟರೆ ಏನೂ ಇರಲಿಲ್ಲ. ಗುಬ್ಬಿಯ ಬೀದಿಯಲ್ಲಿ ತಳ್ಳಬಹುದು. ಚೇಳೂರಿನಿಂದ ಕುಣಿಗಲ್ಲಿಗೆ ಅಷ್ಟು ಮೈಲಿ ಯಾರು ತಳ್ಳುತ್ತಾರೆ?

ಅಪ್ಪ ಆಗಲ್ಲ ಅಂದದ್ದು ನಿಜವಾಗಿಯೂ ಆಗುತ್ತಿರಲಿಲ್ಲ ಎಂದು. ನಾನು ಐವತ್ತು ವರ್ಷ ಅದಕ್ಕೆ ಬೇರೆ ಅರ್ಥ ಹಚ್ಚಿಕೊಂಡು ಕೂತೆ.

ಒಂದೇ ಒಂದು ವಿಷಯ ಅಮ್ಮನವರನ್ನು ಕೇಳಿ ಬರೆ. ನನಗೊಬ್ಬಳಿಗಾದರೂ ಯಾಕೆ ಹೇಳಲಿಲ್ಲ? ಹೆತ್ತ ಮಗಳಲ್ಲವಾ ನಾನು?

ಓಬಳಿ


ತುಮಕೂರು
2 ಮಾರ್ಚ್ 2025

ನನ್ನ ಓಬಳಿ,

ನಿನ್ನ ಹತ್ತನೇ ತಾರೀಕಿನ ಕಾಗದವನ್ನು ಒಡೆದೆ, ಓದಿದೆ, ಒಲೆಗೆ ಹಾಕಲಿಲ್ಲ. ನಿನ್ನ ಹೊಟ್ಟೆಯೊಳಗೆ ಇಷ್ಟಿದ್ದಾಗ ನಾನು ರಾಣಿಯ ಹಾಗೆ ಕೂತು ಬಾ ಎಂದು ಬರೆದಿದ್ದೆನಲ್ಲ, ನೆನೆದರೆ ಈಗಲೂ ನಾಚಿಕೆಯಾಗುತ್ತದೆ. ನೀನು ಲಾರಿ ಹತ್ತಿದ್ದನ್ನು ಕಣ್ಣಾರೆ ಕಂಡವಳು, ಯಾಕೆಂದು ಅಂದೂ ಕೇಳಲಿಲ್ಲ. ನಿನಗೆ ಉತ್ತರ ಬರೆಯಲು ಧೈರ್ಯವಾಗಲಿಲ್ಲ, ಅದಕ್ಕೇ ಇಷ್ಟು ತಡ.

ಅಮ್ಮನನ್ನು ಕೇಳಿದೆ. ಮೊದಲ ದಿನ "ನಂಗೆ ನೆನಪಿಲ್ಲ" ಎಂದು ಆ ಕಡೆ ತಿರುಗಿ ಮಲಗಿದಳು. ಮೂರ್ನಾಲ್ಕು ದಿನ ಬಿಟ್ಟು ತಾನೇ ಕರೆದು ಹೇಳಿದಳು. ಅವಳು ಹೇಳಿದ ಹಾಗೇ ಬರೆಯುತ್ತೇನೆ.

ನಿನಗೆ ಬಳೆ ತೊಡಿಸುವ ಹಿಂದಿನ ದಿನ ನಿಮ್ಮಪ್ಪ ನಮ್ಮ ಮನೆಗೆ ಬಂದಿದ್ದರಂತೆ. ಅಪ್ಪನೇ, "ಮಗಳಿಗೆ ನಿಜ ಹೇಳ್ಬಿಡೋ ಮಾರಯ್ಯ, ನಂದೇನೂ ಅಡ್ಡಿ ಇಲ್ಲ" ಎಂದರಂತೆ. ನಿಮ್ಮಪ್ಪ ಹೇಳಿದರಂತೆ: "ಬ್ಯಾಡಿ ಬುದ್ಧಿ. ಗಂಡನ ಮನೇಲಿ ಯಾರಾನ ಆಡ್ಕಂಡ್ರೆ ಅವಳು ತಡೀದೆ ಹೇಳ್ಬುಡ್ತಾಳೆ. ಸುದ್ದಿ ಗುಬ್ಬಿಗೆ ಬತ್ತದೆ. ಅಷ್ಟು ಹೆಣ್ಮಕ್ಳು ತವರು ಬೆನ್ನಿಂದೆ ಅದೆ ಅಂತ ನಂಬ್ಕಂಡು ಸಂಸಾರ ಮಾಡ್ತಾವ್ರೆ. ಖಾಲಿ ಡಬ್ಬ ತಳ್ಳಿದ್ದು ಅಂತ ಗೊತ್ತಾದ್ರೆ ಅವರ ಮನಸ್ಸು ಏನಾಗ್ಬೇಕು? ನನ್ ಮಗಳಿಗೆ ಸಿಟ್ಟು ಬಂದ್ರೆ ನನ್ ಮ್ಯಾಲೆ ತಾನೇ ಬರೋದು. ಬರ್ಲಿ ಬುಡಿ, ತಡ್ಕತೀನಿ."

ಅದನ್ನು ಹೇಳಿ ಅಮ್ಮ ಅತ್ತಳು. ಅವಳು ಅತ್ತದ್ದನ್ನು ನಾನು ನೋಡಿ ಎಷ್ಟೋ ವರ್ಷವಾಗಿತ್ತು.

ಈಗ ನನ್ನದೊಂದು ಮಾತು. ಲಾರಿ ಗೋಡೌನಿನ ಓಣಿಗೆ ನುಗ್ಗುವುದಿಲ್ಲ. ದೊಡ್ಡ ರಸ್ತೆಯವರೆಗೆ ಗಾಡಿಯನ್ನು ತಳ್ಳಿಕೊಂಡೇ ಹೋಗಬೇಕು. ಮ್ಯೂಸಿಯಂನವರು ಚಕ್ರಗಳನ್ನು ಸರಿಮಾಡಿದ್ದಾರೆ, ಉರುಳುತ್ತದೆ. ನಿನಗೆ ಒಡಹುಟ್ಟಿದವರಿಲ್ಲ. ಆದರೂ ನಿನ್ನ ಮದುವೆಗೆ ತಳ್ಳುವವರು ಇದ್ದರು ಕಣೇ, ನಾನಿದ್ದೆ, ಕಿಟ್ಟು ಇದ್ದ. ಇಪ್ಪತ್ತಕ್ಕೆ ಬಾ. ನೀನು ಹಿಂದಿನ ಸೀಟಿನಲ್ಲಿ ಕೂತುಕೋ. ನಾವು ತಳ್ಳುತ್ತೇವೆ. ಯಜಮಾನರನ್ನೂ ಕರೆದುಕೊಂಡು ಬಾ.

ಬರುವುದಿಲ್ಲ ಎಂದರೆ ಬರೆಯಬೇಡ. ಬರುವುದಾದರೆ ಸುಮ್ಮನೆ ಬಂದುಬಿಡು.

ರಂಜು


ಕುಣಿಗಲ್
22 ಮಾರ್ಚ್ 2025

ರಂಜೂ,

ಸೊಂಟ ಹೇಗಿದೆ? ಈ ವಯಸ್ಸಿನಲ್ಲಿ ಅಷ್ಟು ದೂರ ತಳ್ಳು ಎಂದು ನಿನಗೆ ಯಾರು ಹೇಳಿದ್ದರು, ಅರ್ಧಕ್ಕೆ ಆ ಲಾರಿ ಹುಡುಗರಿಗೆ ಬಿಡಬಾರದಾಗಿತ್ತಾ? ಬಿಸಿನೀರಿನ ಶಾಖ ಕೊಟ್ಟುಕೋ. ಕಿಟ್ಟು ಈ ಸಲ ಅಳಲಿಲ್ಲ ಎಂದು ಅಮ್ಮನವರಿಗೆ ಹೇಳು.

ಮ್ಯೂಸಿಯಂನವರು ನನ್ನನ್ನು ಪಕ್ಕಕ್ಕೆ ಕರೆದು ಏನು ಕೇಳಿದರು ಎಂದು ನೀನು ವಿಚಾರಿಸಿದೆ. ಇಂಜಿನ್ ಯಾವಾಗ ಹೋಯಿತು ಎಂದು ಕೇಳಿದರು. ಈಚೆಗೆ, ಗೋಡೌನಿಗೆ ಸೇರಿದ ಮೇಲೆ, ಎಂದೆ. ಮೂವತ್ತು ವರ್ಷ ಮಕ್ಕಳಿಗೆ ಸುಳ್ಳು ಹೇಳಬಾರದು ಎಂದು ಪಾಠ ಮಾಡಿದವಳು ಕಣ್ಣು ಮಿಟುಕಿಸದೆ ಹೇಳಿದೆ. ಆ ಹೆಣ್ಣುಮಕ್ಕಳು ಈಗ ಮೊಮ್ಮಕ್ಕಳನ್ನು ಆಡಿಸುತ್ತಿದ್ದಾರೆ. ಅವರ ಶಾಸ್ತ್ರ ಅವರಿಗಿರಲಿ. ನೀನೂ ಕಿಟ್ಟುವೂ ಇನ್ನು ಬಾಯಿ ಬಿಡಬೇಡಿ. ಹಿಂದಿನ ಮುಚ್ಚಳದ ಅಂಗೈ ಗುರುತುಗಳಿಗೆ ಹೊಸ ಬಣ್ಣ ಬಳಿಯಬಾರದು ಎಂದೂ ಅವರಿಗೆ ಹೇಳಿದೆ, ಒಪ್ಪಿದರು.

ಹಿಂದಿನ ಸೀಟಿಗೆ ನೀನು ಮಲ್ಲಿಗೆ ಹಾಸಿಟ್ಟಿದ್ದೆ. ನಾನು ಅಲ್ಲಿ ಕೂರದೆ ಸ್ಟೇರಿಂಗ್ ಹತ್ತಿರ ಹೋದದ್ದಕ್ಕೆ ನಿನಗೆ ಬೇಜಾರಾಯಿತು, ನಿನ್ನ ಮುಖ ನೋಡಿದೆ. ಯಾಕೆಂದು ಲಾರಿಯವರ ಮುಂದೆ ಹೇಳಲಿಲ್ಲ. ಈಗ ಹೇಳುತ್ತೇನೆ.

ಬಸ್ಸಿನಲ್ಲಿ ಬರುವಾಗಲೂ ಹಿಂದೆಯೇ ಕೂರಬೇಕೆಂದು ಇದ್ದೆ. ಬಾಗಿಲು ತೆಗೆದಾಗ ಮುಂದಿನ ಸೀಟಿನ ಚರ್ಮದಲ್ಲಿ ಅಪ್ಪ ಕೂತ ತಗ್ಗು ಹಾಗೇ ಇತ್ತು. ಅದನ್ನು ಖಾಲಿ ಬಿಟ್ಟು ಹಿಂದೆ ಹೋಗಿ ಕೂರಲು ನನ್ನಿಂದ ಆಗಲಿಲ್ಲ. ಮಲ್ಲಿಗೆಯ ಮೇಲೆ ಯಜಮಾನರು ಮದುಮಗನ ಹಾಗೆ ಕೂತರಲ್ಲ, "ಎಷ್ಟು ಕುದುರೆ ನೋಡಿದ್ನೋ, ಹಿಂದಿಂದ ತಳ್ಳಿಸ್ಕಳೋ ಕುದುರೆ ಇದೊಂದೇಯ" ಎಂದು ದಾರಿಯುದ್ದಕ್ಕೂ ಗೊಣಗಿದರು.

ನೀವು ತಳ್ಳಲು ಶುರುಮಾಡಿದಾಗ ನಾನು ಎದುರಿನ ಕನ್ನಡಿ ನೋಡಿದೆ. ಹಿಂದಿನ ಸೀಟು ಪೂರ್ತಿ ಕಾಣುತ್ತದೆ ಅದರಲ್ಲಿ. ಅದರಾಚೆ ಗಾಜಿನಲ್ಲಿ ನೀನು, ತುರುಬು ಬಿಚ್ಚಿಹೋಗಿ, ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು. ಅಪ್ಪ ಅಷ್ಟು ವರ್ಷ ಅಲ್ಲಿ ಕೂತು ನೋಡುತ್ತಿದ್ದದ್ದು ಇದನ್ನೇ. ಕನ್ನಡಿಯಲ್ಲಿ ಯಾರದೋ ಮಗಳು, ಅವಳ ಹಿಂದೆ ಅವಳ ಅಣ್ಣತಮ್ಮಂದಿರು. ಅಷ್ಟು ಜನರ ನಡುವೆ ಗಾಡಿ ಸತ್ತಿದೆ ಎಂದು ಬಲ್ಲವರು ಅವರೊಬ್ಬರು. ನನ್ನ ಮದುವೆಯ ನಂತರವೂ ಎಷ್ಟು ಹೆಣ್ಣುಮಕ್ಕಳು ಆ ಕನ್ನಡಿಯಲ್ಲಿ ಬಂದುಹೋದರು. ಒಬ್ಬೊಬ್ಬಳು ಬಂದು ಕೂತಾಗಲೂ ಅಪ್ಪ ನನ್ನನ್ನು ನೆನೆದಿರುತ್ತಾರೆ. ಇದನ್ನು ನನಗೆ ಯಾರೂ ಹೇಳಬೇಕಾಗಿಲ್ಲ.

ದೊಡ್ಡ ರಸ್ತೆ ಬಂದಾಗ ನೀನು "ಇಳಿಯೇ ಓಬಳಿ, ಲಾರಿಯವರು ಕಾಯ್ತಿದಾರೆ" ಎಂದೆ. ನಾನು ಇಳಿಯಲಿಲ್ಲ. ಮಂಡಿ ಹಿಡಿದುಕೊಂಡಿದೆ ಎಂದು ನೀನು ಕೈ ಕೊಡಲು ಬಂದೆ. ಮಂಡಿಯಲ್ಲ ರಂಜೂ. ನಾನು ಸ್ಟೇರಿಂಗ್ ಮೇಲೆ ಕೈಯಿಟ್ಟುಕೊಂಡು "ಊಟಕ್ಕೇಳಪ್ಪ" ಎಂದು ಕರೆಯುತ್ತಿದ್ದೆ. ಎರಡನೇ ಸಲವೂ ಕರೆದೆ. ಆಮೇಲೆ ಇಳಿದೆ.

ಯುಗಾದಿಗೆ ಬಾ. ಹೋಳಿಗೆ ಮಾಡುತ್ತೇನೆ.

ನಿನ್ನ
ಓಬಳಿ